ಸ್ನಾಯುಪೆಟ್ಟು, ವಿಶ್ರಾಂತಿ, ಒಡೆತನ: ಅಶ್ವಾರೈಕೆಯ ಚರಿತ್ರೆಯ ಒಂದು ಮುಖ

ಕುದುರೆಯನ್ನು ಬಿಟ್ಟು ಕರ್ನಾಟಕದ ರಾಜಕೀಯ ಚರಿತ್ರೆಯನ್ನು ಬರೆಯಲು ಸಾಧ್ಯವಿಲ್ಲ. ವೀರಗಲ್ಲುಗಳಲ್ಲಿ ಕಂಡರಿಸಿದ ರಾವುತರು, ಶಾಸನಗಳು ಹೆಸರಿಸುವ ಸಾಹಣಿಗಳು ಮತ್ತು ಕುದುರೆಸೆಟ್ಟಿಗಳು, ಹಂಪೆಯ ಹಜಾರರಾಮ ದೇವಾಲಯದ ಪ್ರಾಕಾರದ ಮೇಲೆ ಸಾಲುಗಟ್ಟಿ ಸಾಗುವ ಕುದುರೆಗಳು ಈ ಮಾತಿಗೆ ಸಾಕ್ಷಿಯಾಗಿವೆ. ಅರಬ್ಬೀ ಸಮುದ್ರದ ಕುದುರೆ ವ್ಯಾಪಾರದ ಬಗೆಗೂ ಅಶ್ವದಳಗಳ ಯುದ್ಧಕ್ರಮದ ಬಗೆಗೂ ವಿದ್ವಾಂಸರು ವಿಪುಲವಾಗಿ ಬರೆದಿದ್ದಾರೆ. ಆದರೆ ಕಾಳಗದಿಂದಲೋ ದೀರ್ಘ ಪಯಣದಿಂದಲೋ ಕುಂಟುತ್ತ ಲಾಯಕ್ಕೆ ಮರಳಿದ ಕುದುರೆಯ ಗತಿ ಮುಂದೇನಾಯಿತು ಎಂಬ ಪ್ರಶ್ನೆ ಅಷ್ಟಾಗಿ ಯಾರ ಗಮನವನ್ನೂ ಸೆಳೆದಿಲ್ಲ. ಕೊಂಡ ಕುದುರೆಯ ಬೆಲೆ ದಾಖಲಾಗಿದೆ, ಸತ್ತ ಕುದುರೆಯ ಸಂಖ್ಯೆಯೂ ದಾಖಲಾಗಿದೆ. ಇವೆರಡರ ನಡುವೆ, ಪೆಟ್ಟು ತಿಂದು, ಕೆಲವು ವಾರ ಅಥವಾ ತಿಂಗಳು ನಿಂತು, ಮತ್ತೆ ನಡೆಯಲು ಕಲಿತ ಕುದುರೆಯ ಚರಿತ್ರೆ ಚದುರಿದ ಆಕರಗಳಲ್ಲಿ ಅಡಗಿದೆ.

ಈ ಆಕರಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಅಂಶ ಸ್ಪಷ್ಟವಾಗುತ್ತದೆ. ಸ್ನಾಯುವಿಗೆ ಪೆಟ್ಟುಬಿದ್ದ ಕುದುರೆಯನ್ನು ಗುಣಪಡಿಸಿದುದು ಬಹುಮಟ್ಟಿಗೆ ಔಷಧವಲ್ಲ. ಅದಕ್ಕೆ ದೊರೆತ ದಿನಗಳು ಮತ್ತು ಆ ದಿನಗಳಲ್ಲಿ ಅಳತೆಯರಿತು ಮಾಡಿಸಿದ ನಡಿಗೆ. ಆ ದಿನಗಳು ಕುದುರೆಗೆ ದೊರೆಯುವುದೋ ಇಲ್ಲವೋ ಎಂಬುದನ್ನು ನಿರ್ಧರಿಸಿದುದು ವೈದ್ಯನ ವಿದ್ಯೆಗಿಂತ ಹೆಚ್ಚಾಗಿ ಕುದುರೆಯ ಒಡೆತನದ ವ್ಯವಸ್ಥೆ.

ಪೆಟ್ಟಿನ ಸ್ವರೂಪ ಮತ್ತು ಪರಿಭಾಷೆ

ಓಟದ ತಳಿಯ ಕುದುರೆಯ ದೇಹತೂಕದಲ್ಲಿ ಸುಮಾರು ಅರ್ಧದಷ್ಟು ಸ್ನಾಯುವೇ ಆಗಿರುತ್ತದೆ. ಮೊಣಕಾಲಿನಿಂದ ಕೆಳಗೆ ಸ್ನಾಯು ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿರುವುದು ಎಲುಬು, ಸ್ನಾಯುರಜ್ಜು ಮತ್ತು ಚರ್ಮ. ದೇಹವನ್ನು ಮುಂದಕ್ಕೆ ತಳ್ಳುವ ಬಲವೆಲ್ಲ ಪೃಷ್ಠದಲ್ಲಿ, ತೊಡೆಯ ಹಿಂಭಾಗದಲ್ಲಿ ಮತ್ತು ಬೆನ್ನಿನಲ್ಲಿ ನೆಲೆಗೊಂಡಿದೆ. ಕೆಸರಿನಲ್ಲಿ ಹಿಂಗಾಲು ಜಾರಿದಾಗ, ನಾಗಾಲೋಟದಲ್ಲಿ ಒಮ್ಮೆಲೇ ತಡೆದು ನಿಲ್ಲಿಸಿದಾಗ, ಕಂದಕ ಹಾರುವಾಗ ಹೆಜ್ಜೆ ತಪ್ಪಿದಾಗ, ಹೊರಲಾರದ ಭಾರ ಎಳೆಸಿದಾಗ ಈ ಭಾಗದ ಸ್ನಾಯುಗಳ ಎಳೆಗಳು ಹರಿಯುತ್ತವೆ. ಎಲುಬು ಮುರಿದರೆ ಕಣ್ಣಿಗೆ ಕಾಣುತ್ತದೆ. ಕತ್ತಿಯ ಗಾಯಕ್ಕೆ ರಕ್ತ ಸುರಿಯುತ್ತದೆ. ಸ್ನಾಯುವಿನ ಪೆಟ್ಟು ಚರ್ಮದ ಕೆಳಗೆ ಮರೆಯಾಗಿರುತ್ತದೆ. ಹೆಜ್ಜೆ ಗಿಡ್ಡದಾಗುವುದು, ಮುಟ್ಟಿದಾಗ ಮೈ ಬಿಗಿಹಿಡಿಯುವುದು, ತಿರುಗುವಾಗ ತಡವರಿಸುವುದು ಇಷ್ಟೇ ಅದರ ಲಕ್ಷಣ. ಇದನ್ನು ಸೋಮಾರಿತನ ಅಥವಾ ಹಟವೆಂದು ತಿಳಿದು ಚಾವಟಿ ಬೀಸುವವರು ಎಲ್ಲ ಕಾಲದಲ್ಲೂ ಇದ್ದರು.

ಹಳೆಯ ಗ್ರಂಥಗಳನ್ನು ಓದುವಾಗ ಪರಿಭಾಷೆಯ ತೊಡಕನ್ನು ಗಮನದಲ್ಲಿಡುವುದು ಅಗತ್ಯ. ಇಂದಿನ ಕನ್ನಡದಲ್ಲಿ 'ಸ್ನಾಯು' ಎಂದರೆ ಮಾಂಸಖಂಡ. ಸುಶ್ರುತಸಂಹಿತೆಯಲ್ಲಿ ಮಾಂಸಖಂಡಕ್ಕಿರುವ ಹೆಸರು 'ಪೇಶಿ'. ಅಲ್ಲಿ 'ಸ್ನಾಯು' ಎಂದರೆ ದೇಹವನ್ನು ಬಿಗಿದು ಹಿಡಿಯುವ ನಾರಿನಂಥ ಬಂಧ. ಮನುಷ್ಯದೇಹದಲ್ಲಿ ಪೇಶಿಗಳು ೫೦೦, ಸ್ನಾಯುಗಳು ೯೦೦ ಎಂದು ಸುಶ್ರುತನು ಎಣಿಸುತ್ತಾನೆ. ಆದ್ದರಿಂದ ಸಂಸ್ಕೃತ ಅಶ್ವವೈದ್ಯದಲ್ಲಿ 'ಸ್ನಾಯು' ಎಂಬ ಪದ ಕಂಡಾಗ ಅದನ್ನು ಇಂದಿನ ಅರ್ಥದಲ್ಲಿ ತೆಗೆದುಕೊಂಡರೆ, ರಜ್ಜುವಿನ ಚಿಕಿತ್ಸೆಯನ್ನು ಮಾಂಸಖಂಡದ ಚಿಕಿತ್ಸೆಯೆಂದು ಭ್ರಮಿಸುವ ಅಪಾಯವಿದೆ. ಗುಣವಾಗುವ ಅವಧಿಯಲ್ಲಿಯೂ ಇವೆರಡಕ್ಕೆ ಬಹಳ ಅಂತರವಿದೆ. ರಕ್ತಸಂಚಾರ ಹೇರಳವಾಗಿರುವ ಮಾಂಸಖಂಡ ಸಾಮಾನ್ಯವಾಗಿ ವಾರಗಳಿಂದ ಕೆಲವು ತಿಂಗಳುಗಳಲ್ಲಿ ಕೂಡಿಕೊಳ್ಳುತ್ತದೆ. ರಜ್ಜುವಿಗೆ ಒಂದು ವರ್ಷವೇ ಹಿಡಿಯಬಹುದು.

ಕೌಟಿಲ್ಯನ ಲಾಯ

ಪೆಟ್ಟುಬಿದ್ದ ಕುದುರೆಯ ಬಗೆಗೆ ಆಡಳಿತದ ದೃಷ್ಟಿಯಿಂದ ಮಾತನಾಡುವ ಪ್ರಾಚೀನ ಗ್ರಂಥಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಪ್ರಮುಖವಾದುದು. ಈ ಗ್ರಂಥ ಆಧುನಿಕ ಲೋಕಕ್ಕೆ ದೊರೆತುದು ಮೈಸೂರಿನ ಮೂಲಕ. ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಯೋಲೆಯನ್ನು ಗುರುತಿಸಿದ ಆರ್. ಶಾಮಾಶಾಸ್ತ್ರಿಗಳು ೧೯೦೯ರಲ್ಲಿ ಮೂಲವನ್ನೂ ೧೯೧೫ರಲ್ಲಿ ಅದರ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಅದರ ಎರಡನೆಯ ಅಧಿಕರಣದಲ್ಲಿ ಅಶ್ವಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಅಧ್ಯಾಯವಿದೆ.

ಕುದುರೆಗಳನ್ನು ಅವು ಬಂದ ಬಗೆಗೆ ಅನುಸಾರವಾಗಿ ದಾಖಲಿಸಬೇಕೆಂದು ಅಲ್ಲಿ ವಿಧಿಸಲಾಗಿದೆ. ಅಂಗವಿಕಲವಾದವು ಮತ್ತು ರೋಗಪೀಡಿತವಾದವು ಯಾವುವೆಂಬುದನ್ನು ಅಧ್ಯಕ್ಷನು ಪ್ರತ್ಯೇಕವಾಗಿ ಅರಿಕೆ ಮಾಡಬೇಕು. ಯುದ್ಧ, ವ್ಯಾಧಿ, ಮುಪ್ಪು ಮತ್ತು ದುಡಿಮೆಯಿಂದ ಸೊರಗಿದ ಕುದುರೆಗಳಿಗೆ ಕೆಲಸವಿಲ್ಲದಿದ್ದರೂ ಆಹಾರ ನಿಲ್ಲಕೂಡದು. ಯುದ್ಧಕ್ಕೆ ಒದಗದ ಗಂಡುಕುದುರೆಗಳನ್ನು ಪೌರ ಮತ್ತು ಜಾನಪದರ ಅನುಕೂಲಕ್ಕಾಗಿ ತಳಿಸಂವರ್ಧನೆಗೆ ಬಳಸಬೇಕು. ಎಲ್ಲಕ್ಕಿಂತ ಗಮನಾರ್ಹವಾದುದು ದಂಡದ ನಿಯಮ. ಚಿಕಿತ್ಸೆಯಲ್ಲಿ ಅಥವಾ ಔಷಧದಲ್ಲಿ ಆದ ಅಲಕ್ಷ್ಯದಿಂದ ರೋಗ ಉಲ್ಬಣಿಸಿದರೆ ಚಿಕಿತ್ಸೆಯ ವೆಚ್ಚದ ಎರಡರಷ್ಟು ದಂಡ. ಆ ತಪ್ಪಿನಿಂದ ಪ್ರಾಣಿ ಸತ್ತರೆ ಅದರ ಪೂರ್ತಿ ಬೆಲೆಯೇ ದಂಡ.

ಇಂಥ ನಿಯಮ ಎಷ್ಟರ ಮಟ್ಟಿಗೆ ಜಾರಿಯಲ್ಲಿತ್ತು ಎಂಬುದು ಬೇರೆಯ ಮಾತು. ಅದರ ಹಿಂದಿನ ತರ್ಕ ಮುಖ್ಯವಾದುದು. ಆರೋಗ್ಯವಂತ ಕುದುರೆ ಮತ್ತು ಸತ್ತ ಕುದುರೆ ಎಂಬ ಎರಡು ವರ್ಗಗಳ ನಡುವೆ 'ಗುಣವಾಗುತ್ತಿರುವ ಕುದುರೆ' ಎಂಬ ಮೂರನೆಯ ವರ್ಗವನ್ನು ಈ ಗ್ರಂಥ ಒಪ್ಪಿಕೊಳ್ಳುತ್ತದೆ. ದುಡಿಯದ ದಿನಗಳ ಆಹಾರದ ಖರ್ಚನ್ನು ರಾಜ್ಯ ಹೊರುತ್ತದೆ. ಆ ದಿನಗಳು ವ್ಯರ್ಥವಾದರೆ ಹೊಣೆ ಹೊರುವವನು ಯಾರೆಂದೂ ಹೇಳುತ್ತದೆ.

ಶಾಸ್ತ್ರಗ್ರಂಥಗಳು ಮತ್ತು ಲಾಯದ ಅರಿವು

ಭಾರತೀಯ ಅಶ್ವವೈದ್ಯ ಪರಂಪರೆ ಶಾಲಿಹೋತ್ರನ ಹೆಸರಿನಲ್ಲಿ ಬೆಳೆಯಿತು. ಜಯದತ್ತಸೂರಿಯ 'ಅಶ್ವವೈದ್ಯಕ', ನಕುಲನ ಹೆಸರಿನಲ್ಲಿರುವ 'ಅಶ್ವಚಿಕಿತ್ಸಿತ' ಈ ಪರಂಪರೆಯ ಪ್ರಸಿದ್ಧ ಕೃತಿಗಳು. ಶಾಲಿಹೋತ್ರ ಪರಂಪರೆಯ ಗ್ರಂಥಗಳು ಪಾರಸಿಗೂ ಅನುವಾದಗೊಂಡವು. ಬಹಮನಿ ಅರಸರ ಆಶ್ರಯದಲ್ಲಿಯೂ ಇಂಥ ಅನುವಾದಕಾರ್ಯ ನಡೆಯಿತು. ಹಿಂದೂಸ್ತಾನಿಯಲ್ಲಿ ಕುದುರೆ ವೈದ್ಯನಿಗೆ 'ಸಲೋತ್ರಿ' ಎಂಬ ಹೆಸರು ಬಂದುದು ಶಾಲಿಹೋತ್ರನಿಂದಲೇ. ಬ್ರಿಟಿಷ್ ಭಾರತದ ಅಶ್ವದಳಗಳಲ್ಲಿಯೂ ದೇಶೀಯ ಪಶುವೈದ್ಯ ಸಹಾಯಕರನ್ನು ಇದೇ ಹೆಸರಿನಿಂದ ಕರೆಯುತ್ತಿದ್ದರು.

ಕನ್ನಡದಲ್ಲಿಯೂ ಈ ಶಾಸ್ತ್ರಕ್ಕೆ ಕೊರತೆಯಿಲ್ಲ. ೧೨ನೆಯ ಶತಮಾನದ ಆದಿಭಾಗದಲ್ಲಿ ಚಾಳುಕ್ಯ ರಾಜಕುಮಾರ ಕೀರ್ತಿವರ್ಮನು 'ಗೋವೈದ್ಯ'ವನ್ನು ರಚಿಸಿ ಪಶುವೈದ್ಯವನ್ನು ಕನ್ನಡಕ್ಕೆ ತಂದನು. ಅದೇ ಶತಮಾನದಲ್ಲಿ ಮೂರನೆಯ ಸೋಮೇಶ್ವರನ ಸಂಸ್ಕೃತ 'ಮಾನಸೋಲ್ಲಾಸ' ಕುದುರೆಗಳ ಲಕ್ಷಣವನ್ನೂ ಕುದುರೆಯೇರಿ ಆಡುವ ಚೆಂಡಾಟವನ್ನೂ ವಿವರಿಸಿತು. ಸುಮಾರು ೧೪೦೦ರಲ್ಲಿ ಅಭಿನವಚಂದ್ರನು ಅಶ್ವವೈದ್ಯವನ್ನು ಕುರಿತು ಕನ್ನಡದಲ್ಲಿ ಬರೆದನು. ೧೬೨೭ರಲ್ಲಿ ಮೈಸೂರಿನ ಚಾಮರಾಜ ಒಡೆಯರ ಕಾಲದಲ್ಲಿ ಪದ್ಮಣಪಂಡಿತನ 'ಹಯಸಾರಸಮುಚ್ಚಯ' ಹುಟ್ಟಿತು. ಕೆಳದಿಯ ಬಸವರಾಜನ 'ಶಿವತತ್ತ್ವರತ್ನಾಕರ'ದಲ್ಲಿಯೂ ಅಶ್ವಶಾಸ್ತ್ರಕ್ಕೆ ಸ್ಥಾನವಿದೆ. ಅರಸರ ಆಶ್ರಯದಲ್ಲಿ ಈ ವಿಷಯದ ಗ್ರಂಥಗಳು ಮತ್ತೆ ಮತ್ತೆ ರಚನೆಯಾದುದು ಕುದುರೆಯ ಆರೋಗ್ಯ ರಾಜ್ಯದ ಆಸ್ತಿಯ ಪ್ರಶ್ನೆಯಾಗಿತ್ತೆಂಬುದನ್ನು ತೋರಿಸುತ್ತದೆ.

ಕೈಕಾಲು ಸೆಡೆತು ನಡಿಗೆ ತಪ್ಪಿದುದನ್ನು ಆಯುರ್ವೇದ ಸಾಮಾನ್ಯವಾಗಿ ವಾತದ ದೋಷವಾಗಿ ಕಂಡಿತು. ಎಣ್ಣೆ ತಿಕ್ಕುವ ಸ್ನೇಹನ, ಕಾವು ಕೊಡುವ ಸ್ವೇದನ, ಲೇಪ, ರಕ್ತಮೋಕ್ಷ, ಕೊನೆಗೆ ಕಾದ ಕಬ್ಬಿಣದಿಂದ ಬರೆ ಎಳೆಯುವ ಅಗ್ನಿಕರ್ಮ ಇವು ಅದರ ಉಪಾಯಗಳು. ಎಣ್ಣೆ, ಬೆವರು ಮತ್ತು ವ್ಯಾಯಾಮ ಇವುಗಳ ಜೋಡಣೆ ಮನುಷ್ಯರ ದೇಹಪಾಲನೆಯಲ್ಲಿಯೂ ಇತ್ತು. ಕೃಷ್ಣದೇವರಾಯನು ನಸುಕಿನಲ್ಲಿ ಎಳ್ಳೆಣ್ಣೆ ಕುಡಿದು, ಮೈಗೆ ಎಣ್ಣೆ ಹಚ್ಚಿಕೊಂಡು, ಭಾರವೆತ್ತಿ ಕತ್ತಿವರಸೆ ಮಾಡಿ ಬೆವರು ಹರಿಸಿ, ಕುಸ್ತಿಯಾಡಿ, ಬಳಿಕ ಬೆಳಕು ಹರಿಯುವವರೆಗೆ ಕುದುರೆ ಓಡಿಸುತ್ತಿದ್ದನೆಂದು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ದಾಖಲಿಸಿದ್ದಾನೆ.

ಆದರೆ ಗ್ರಂಥದ ಸೂತ್ರಕ್ಕೂ ಲಾಯದ ಅನುಭವಕ್ಕೂ ನಡುವೆ ಒಂದು ಅಂತರವಿದೆ. ಇಂದು ಎಷ್ಟು ಹೆಜ್ಜೆ ನಡೆಸಬೇಕು, ನಿನ್ನೆಗಿಂತ ಇಂದು ಹೆಜ್ಜೆ ಉದ್ದವಾಗಿದೆಯೇ, ಮೈ ನೀವುವಾಗ ಯಾವ ಜಾಗದಲ್ಲಿ ಚರ್ಮ ನಡುಗುತ್ತದೆ ಎಂಬುದನ್ನು ಬಲ್ಲವನು ದಿನವೂ ಹಗ್ಗ ಹಿಡಿದು ಕುದುರೆಯ ಪಕ್ಕದಲ್ಲಿ ನಡೆಯುವ ಕಾಸದಾರ. ಅವನ ಅರಿವು ಕೈಯಲ್ಲಿತ್ತೇ ಹೊರತು ಓಲೆಯಲ್ಲಿರಲಿಲ್ಲ. ಅಶ್ವವೈದ್ಯದ ಚರಿತ್ರೆಯನ್ನು ಕೇವಲ ಗ್ರಂಥಗಳಿಂದ ಕಟ್ಟಿದಾಗ ಈ ಕೈಗಳು ಮರೆಯಾಗುತ್ತವೆ. ಹಜಾರರಾಮ ದೇವಾಲಯದ ಪ್ರಾಕಾರದ ಪಟ್ಟಿಕೆಗಳಲ್ಲಿ ಕುದುರೆಗಳ ಪಕ್ಕದಲ್ಲಿ ಕಾಲ್ನಡಿಗೆಯಲ್ಲಿ ಸಾಗುವ ಆಳುಗಳನ್ನು ಶಿಲ್ಪಿ ಮರೆತಿಲ್ಲವೆಂಬುದು ಸಮಾಧಾನದ ಸಂಗತಿ.

ಬಾಲ ಮತ್ತು ಚರ್ಮದ ಲೆಕ್ಕ

ದಕ್ಷಿಣ ಭಾರತದ ಹವೆಯಲ್ಲಿ ಒಳ್ಳೆಯ ಕುದುರೆಯನ್ನು ಬೆಳೆಸುವುದು ಕಷ್ಟವಾಗಿತ್ತು. ೧೩ನೆಯ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಯನ್ನು ಕಂಡ ಮಾರ್ಕೊ ಪೋಲೊ, ಅಲ್ಲಿಗೆ ತರಿಸಿದ ಕುದುರೆಗಳು ಸರಿಯಾದ ಆರೈಕೆಯಿಲ್ಲದೆ ಸಾಯುತ್ತಿದ್ದುವೆಂದೂ, ಮಾರಾಟ ತಗ್ಗಬಾರದೆಂದು ವರ್ತಕರೇ ಕುದುರೆ ವೈದ್ಯರನ್ನು ಅಲ್ಲಿಗೆ ಹೋಗಗೊಡುತ್ತಿರಲಿಲ್ಲವೆಂದೂ ಬರೆಯುತ್ತಾನೆ. ಈ ಆರೋಪದ ಸತ್ಯಾಸತ್ಯತೆ ಹೇಗೇ ಇರಲಿ, ಕುದುರೆಯ ಆಯುಸ್ಸಿಗೂ ಮಾರುಕಟ್ಟೆಯ ಲಾಭಕ್ಕೂ ವಿರೋಧವಿರಬಹುದೆಂಬ ತಿಳಿವಳಿಕೆ ಆ ಕಾಲಕ್ಕೇ ಇತ್ತೆಂಬುದನ್ನು ಅದು ಸೂಚಿಸುತ್ತದೆ.

ವಿಜಯನಗರದ ಸ್ಥಿತಿಯನ್ನು ೧೬ನೆಯ ಶತಮಾನದ ಪೋರ್ಚುಗೀಸ್ ಕುದುರೆ ವರ್ತಕ ಫೆರ್ನಾವೊ ನೂನಿಜ್‌ನ ಬರಹ ತಿಳಿಸುತ್ತದೆ. ಅರಸನು ವರ್ಷಂಪ್ರತಿ ಹೊರ್ಮುಜ್‌ನ ಕುದುರೆಗಳನ್ನೂ ದೇಶೀಯ ಕುದುರೆಗಳನ್ನೂ ಸೇರಿಸಿ ೧೩,೦೦೦ ಕೊಳ್ಳುತ್ತಿದ್ದನೆಂದು ಅವನು ಹೇಳುತ್ತಾನೆ. ಅರಮನೆಯ ಲಾಯಕ್ಕೆ ೧,೬೦೦ ಮಂದಿ ಆಳುಗಳೂ ೩೦೦ ಮಂದಿ ಕುದುರೆ ಪಳಗಿಸುವವರೂ ಇದ್ದರೆಂಬುದು ಅವನ ಲೆಕ್ಕ. ಸಾಳುವ ನರಸಿಂಹನ ಕಾಲದಲ್ಲಿ ಹಡಗಿನಲ್ಲೇ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೆ ಬದುಕಿದ ಕುದುರೆಯ ಬೆಲೆಯೇ ಸಲ್ಲುತ್ತಿತ್ತು. ಅರಸನು ಸೈನಿಕರಿಗೆ ಕೊಟ್ಟ ಕುದುರೆಗಳಿಗೆ ಮುದ್ರೆ ಒತ್ತುತ್ತಿದ್ದರು. ಕುದುರೆ ಸತ್ತರೆ ಮುದ್ರೆಯಿರುವ ಚರ್ಮದ ತುಂಡನ್ನು ಅಶ್ವಾಧಿಕಾರಿಗೆ ಒಪ್ಪಿಸಿ ಬೇರೊಂದು ಕುದುರೆಯನ್ನು ಪಡೆಯಬೇಕಾಗಿತ್ತು.

ಈ ಬಾಲ ಮತ್ತು ಚರ್ಮದ ಲೆಕ್ಕ ಆಡಳಿತದ ದಕ್ಷತೆಗೆ ನಿದರ್ಶನವೆಂದು ಉಲ್ಲೇಖಗೊಳ್ಳುವುದುಂಟು. ಅದರ ಇನ್ನೊಂದು ಮುಖವನ್ನೂ ನೋಡಬೇಕು. ಇಲ್ಲಿ ಸಾವಿಗೆ ಪುರಾವೆಯುಂಟು, ಪುರಾವೆಗೆ ಪ್ರತಿಫಲವುಂಟು. ತಿಂಗಳುಗಟ್ಟಲೆ ಆರೈಕೆ ಮಾಡಿ ಕುಂಟುಕುದುರೆಯನ್ನು ಉಳಿಸಿಕೊಂಡ ಸೈನಿಕನಿಗೆ ತೋರಿಸಲು ಯಾವ ತುಂಡೂ ಇಲ್ಲ. ಕೌಟಿಲ್ಯನು ಕಲ್ಪಿಸಿದ ಮೂರನೆಯ ವರ್ಗ ನೂನಿಜ್ ವರ್ಣಿಸುವ ಈ ಲೆಕ್ಕದಲ್ಲಿ ಕಾಣಿಸುವುದಿಲ್ಲ. ವರ್ಷಕ್ಕೆ ೧೩,೦೦೦ ಕುದುರೆಗಳ ಬೇಡಿಕೆಗೆ ಸೈನ್ಯದ ವಿಸ್ತಾರವೂ ಹವೆಯೂ ಕಾರಣವಾಗಿದ್ದವೆಂಬುದು ನಿಜ. ಉಳಿಸಿಕೊಳ್ಳುವುದಕ್ಕಿಂತ ಬದಲಿ ಪಡೆಯುವುದು ಸುಲಭವಾಗಿದ್ದ ವ್ಯವಸ್ಥೆಯ ಪಾಲೂ ಅದರಲ್ಲಿ ಇದ್ದಿರಬೇಕು.

ಸಿಲ್ಲೇದಾರನ ಇಕ್ಕಟ್ಟು

ಇದಕ್ಕೆ ತೀರ ವಿರುದ್ಧವಾದುದು ಸಿಲ್ಲೇದಾರ ಪದ್ಧತಿ. ಮರಾಠರ ಮತ್ತು ಮೈಸೂರಿನ ಸೈನ್ಯಗಳಲ್ಲಿ ಎರಡು ಬಗೆಯ ರಾವುತರಿದ್ದರು. ಸರ್ಕಾರದ ಅಥವಾ ಬೇರೊಬ್ಬರ ಕುದುರೆಯನ್ನೇರುವವನು ಬಾರ್ಗೀರ. ತನ್ನದೇ ಕುದುರೆ ಮತ್ತು ಆಯುಧಗಳೊಡನೆ ಸೇವೆಗೆ ಬರುವವನು ಸಿಲ್ಲೇದಾರ. ಟಿಪ್ಪು ಸುಲ್ತಾನನ ಪತನಾನಂತರ ದಿವಾನ್ ಪೂರ್ಣಯ್ಯನವರ ಆಡಳಿತದಲ್ಲಿಯೂ ಮೈಸೂರು ಸಿಲ್ಲೇದಾರ ದಳವನ್ನು ಉಳಿಸಿಕೊಂಡಿತು. ೧೮೦೭ರ ಒಪ್ಪಂದದಂತೆ ೪,೦೦೦ ಕುದುರೆ ಸವಾರರನ್ನು ಸದಾ ಸಿದ್ಧವಾಗಿಡುವ ಹೊಣೆ ಸಂಸ್ಥಾನದ ಮೇಲೆ ಬಿತ್ತು.

ಸಿಲ್ಲೇದಾರನಿಗೆ ಕುದುರೆಯೆಂದರೆ ಆಸ್ತಿ, ಉದ್ಯೋಗ, ಮರ್ಯಾದೆ ಮೂರೂ ಹೌದು. ಕುದುರೆ ಹೋದರೆ ಸಂಬಳ ಹೋಯಿತು. ಆದ್ದರಿಂದ ಅವನು ಅದನ್ನು ಮಗುವಿನಂತೆ ನೋಡಿಕೊಂಡನು. ಕಾಳಗದಲ್ಲಿ ಸಿಲ್ಲೇದಾರರು ಕುದುರೆಗಳನ್ನು ಅಪಾಯಕ್ಕೆ ಒಡ್ಡಲು ಹಿಂಜರಿಯುತ್ತಾರೆಂದು ಸಮಕಾಲೀನ ಯೂರೋಪಿಯನ್ ಸೇನಾಧಿಕಾರಿಗಳು ದೂರಿದರು. ಆ ಹಿಂಜರಿಕೆಯನ್ನು ಹೇಡಿತನವೆಂದು ಬರೆದವರು ಅದರ ಹಿಂದಿದ್ದ ಸಂಸಾರದ ಲೆಕ್ಕವನ್ನು ಗಮನಿಸಲಿಲ್ಲ. ಆದರೆ ಇದೇ ಒಡೆತನ ಇನ್ನೊಂದು ಇಕ್ಕಟ್ಟನ್ನೂ ತಂದಿತು. ಹಾಜರಿಯ ದಿನ ಕುದುರೆ ನಿಲ್ಲದಿದ್ದರೆ ಸಂಬಳಕ್ಕೆ ಕುತ್ತು. ಬದಲಿ ಕುದುರೆಯಿಲ್ಲದ ಬಡ ರಾವುತನು ಅರೆಗುಣವಾದ ಕುದುರೆಗೇ ಜೀನು ಬಿಗಿಯಬೇಕಾಗುತ್ತಿತ್ತು. ಪ್ರೀತಿಯಿದ್ದೂ ದಿನಗಳನ್ನು ಕೊಡಲಾರದ ಸ್ಥಿತಿ ಅದು. ಬ್ರಿಟಿಷ್ ಭಾರತದ ಸಿಲ್ಲೇದಾರ ರೆಜಿಮೆಂಟುಗಳು ರಾವುತರಿಂದ ವಂತಿಗೆಯೆತ್ತಿ 'ಚಂದಾ ನಿಧಿ' ಸ್ಥಾಪಿಸಿ, ಕುದುರೆ ಕಳೆದುಕೊಂಡವನಿಗೆ ಬದಲಿ ಒದಗಿಸುವ ಮಾರ್ಗ ಹುಡುಕಿದವು. ಮೊದಲ ಮಹಾಯುದ್ಧದ ಭಾರವನ್ನು ತಾಳಲಾರದೆ ಈ ಪದ್ಧತಿ ಯುದ್ಧಾನಂತರ ಕೊನೆಗೊಂಡಿತು.

ಅಶ್ವ ಆಸ್ಪತ್ರೆಗಳ ಉದಯ

ಯೂರೋಪಿನಲ್ಲಿ ಪಶುವೈದ್ಯಕ್ಕೆ ಶಾಲೆಯ ರೂಪ ದೊರೆತುದು ೧೮ನೆಯ ಶತಮಾನದಲ್ಲಿ. ಕ್ಲಾಡ್ ಬೂರ್ಜೆಲಾನ ಶಾಲೆ ಫ್ರಾನ್ಸಿನ ಲಿಯಾನ್‌ನಲ್ಲಿ ೧೭೬೨ರಲ್ಲಿ ತೆರೆಯಿತು. ಲಂಡನ್ನಿನ ಪಶುವೈದ್ಯ ಕಾಲೇಜು ೧೭೯೧ರಲ್ಲಿ ಸ್ಥಾಪಿತವಾಯಿತು. ಲಿಯಾನ್‌ನಲ್ಲಿ ಕಲಿತ ವಿಲಿಯಂ ಮೂರ್‌ಕ್ರಾಫ್ಟ್ ೧೮೦೮ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪೂಸಾ ಅಶ್ವಸಂವರ್ಧನ ಕೇಂದ್ರದ ಮೇಲ್ವಿಚಾರಕನಾಗಿ ಭಾರತಕ್ಕೆ ಬಂದನು. ಆದರೂ ವಿದ್ಯೆ ಇದ್ದ ಮಾತ್ರಕ್ಕೆ ಕುದುರೆಗೆ ದಿನಗಳು ಸಿಗುವುದಿಲ್ಲವೆಂಬುದಕ್ಕೆ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧ (೧೮೯೯–೧೯೦೨) ಸಾಕ್ಷಿ. ಬ್ರಿಟಿಷ್ ಸೈನ್ಯ ಅಲ್ಲಿ ಕಳೆದುಕೊಂಡ ಕುದುರೆಗಳು ಮೂರು ಲಕ್ಷಕ್ಕೂ ಮಿಗಿಲು. ಅವುಗಳಲ್ಲಿ ಶತ್ರುವಿನ ಗುಂಡಿಗೆ ಬಿದ್ದವು ಅಲ್ಪಭಾಗ. ಹಡಗಿನಿಂದ ಇಳಿದ ಕುದುರೆಗಳನ್ನು ವಿಶ್ರಾಂತಿಯಿಲ್ಲದೆ ರಣರಂಗಕ್ಕೆ ಅಟ್ಟಿದುದು, ಅರೆಹೊಟ್ಟೆಯಲ್ಲಿ ಓಡಿಸಿದುದು, ಪಶುವೈದ್ಯ ವ್ಯವಸ್ಥೆಯನ್ನು ಕಡೆಗಣಿಸಿದುದು ಉಳಿದ ಸಾವುಗಳಿಗೆ ಕಾರಣವಾಯಿತು.

ಈ ದುರಂತದ ಪಾಠ ೧೯೧೪ರ ಹೊತ್ತಿಗೆ ಸಂಸ್ಥೆಯ ರೂಪ ತಳೆದಿತ್ತು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ರಣರಂಗದ ಹಿಂದೆ ಬ್ರಿಟಿಷ್ ಸೈನ್ಯ ಕುದುರೆಗಳಿಗಾಗಿ ದೊಡ್ಡ ಆಸ್ಪತ್ರೆಗಳನ್ನು ತೆರೆಯಿತು. ಅವುಗಳ ಜೊತೆಗೆ, ಚಿಕಿತ್ಸೆ ಮುಗಿದರೂ ಬಲ ಬಾರದ ಕುದುರೆಗಳಿಗೆ ಪ್ರತ್ಯೇಕ ಚೇತರಿಕೆ ಕೇಂದ್ರಗಳನ್ನು ಸ್ಥಾಪಿಸಲಾಯಿತು. ಆಸ್ಪತ್ರೆ ಸೇರಿದ ಪ್ರಾಣಿಗಳಲ್ಲಿ ನೂರಕ್ಕೆ ಸುಮಾರು ೮೦ ಮತ್ತೆ ಸೇವೆಗೆ ಮರಳಿದವೆಂದು ಗಣಿಸಲಾಗಿದೆ. ಎರಡು ಯುದ್ಧಗಳ ನಡುವಿನ ಅಂತರ ಕೇವಲ ೧೨ ವರ್ಷ. ಆ ಅವಧಿಯಲ್ಲಿ ಸ್ನಾಯುಪೆಟ್ಟಿಗೆ ಹೊಸ ಔಷಧವೇನೂ ಹುಟ್ಟಿರಲಿಲ್ಲ. ಹುಟ್ಟಿದುದು ಕುದುರೆಗೆ ನಿಲ್ಲಲು ಒಂದು ಜಾಗ, ಗುಣವಾಗಲು ಒಂದು ಅವಧಿ.

ಕರ್ನಾಟಕದ ಕುದುರೆ ಸವಾರರು ಈ ಯುದ್ಧದ ಬೇರೊಂದು ರಂಗದಲ್ಲಿದ್ದರು. ೧೯೧೮ರ ಸೆಪ್ಟೆಂಬರ್ ೨೩ರಂದು ಜೋಧಪುರ ಲ್ಯಾನ್ಸರ್ಸ್ ಮತ್ತು ಮೈಸೂರು ಲ್ಯಾನ್ಸರ್ಸ್ ದಳಗಳು ಪ್ಯಾಲೆಸ್ಟೈನಿನ ಹೈಫಾ ನಗರವನ್ನು ಗೆದ್ದುಕೊಂಡವು. ಕಡಿದಾದ ಇಳಿಜಾರುಗಳಲ್ಲಿ, ಬಂದೂಕುಗಳೆದುರು ಕುದುರೆ ಓಡಿಸಿ ಸಾಧಿಸಿದ ಈ ವಿಜಯವನ್ನು ಕನ್ನಡನಾಡು ಹೆಮ್ಮೆಯಿಂದ ನೆನೆಯುತ್ತದೆ. ಆ ಪ್ರದೇಶದ ಕಾಳಗಗಳಿಂದ ಉಳಿದ ಸೈನ್ಯದ ಕುದುರೆಗಳದು ಇನ್ನೊಂದು ಕಥೆ. ಯುದ್ಧ ಮುಗಿದ ಮೇಲೆ ಬ್ರಿಟಿಷ್ ಸೈನ್ಯದ ಸಾವಿರಾರು ಕುದುರೆಗಳನ್ನು ಈಜಿಪ್ಟಿನಲ್ಲಿ ಮಾರಿಬಿಡಲಾಯಿತು. ಬಂಡಿಗಳಿಗೆ ಕಟ್ಟಿ ಸವೆದುಹೋದ ಅವುಗಳ ಅಳಿದುಳಿದ ಮುದಿಜೀವಗಳನ್ನು ಕಂಡು ಮರುಗಿದ ಡೊರೊತಿ ಬ್ರೂಕ್ ೧೯೩೪ರಲ್ಲಿ ಕೈರೊದಲ್ಲಿ ಅವುಗಳಿಗಾಗಿ ಆಸ್ಪತ್ರೆ ಸ್ಥಾಪಿಸಿದರು. ಸೈನ್ಯದ ಆಸ್ತಿಯಾಗಿದ್ದಾಗ ಚೇತರಿಕೆ ಕೇಂದ್ರ ಪಡೆದ ಕುದುರೆ, ಒಡೆತನ ಬದಲಾದೊಡನೆ ಆ ಹಕ್ಕನ್ನು ಕಳೆದುಕೊಂಡಿತು.

ಪ್ರಯೋಗಶಾಲೆಯ ಸಾಕ್ಷ್ಯ

೨೦ನೆಯ ಶತಮಾನದ ಉತ್ತರಾರ್ಧದಲ್ಲಿ ಸ್ನಾಯುವಿನ ಚೇತರಿಕೆಯ ಗುಟ್ಟು ಬಿಡಿಸಿಕೊಂಡಿತು. ೧೯೬೧ರಲ್ಲಿ ಅಲೆಕ್ಸಾಂಡರ್ ಮೌರೊ ಕಪ್ಪೆಯ ಸ್ನಾಯುವಿನಲ್ಲಿ, ಎಳೆಯ ಅಂಚಿಗೆ ಅಂಟಿಕೊಂಡಿರುವ ಉಪಕೋಶಗಳನ್ನು ಗುರುತಿಸಿದನು. ಪೆಟ್ಟು ಬಿದ್ದಾಗ ಎಚ್ಚೆತ್ತು ಹೊಸ ಎಳೆಗಳನ್ನು ಕಟ್ಟುವುದು ಈ ಕೋಶಗಳೇ ಎಂದು ಮುಂದಿನ ಸಂಶೋಧನೆಗಳು ತಿಳಿಸಿದವು. ಅದೇ ವರ್ಷ ಅಮೆರಿಕದ ಪಶುವೈದ್ಯ ಓ. ಆರ್. ಆಡಮ್ಸ್ ಕುದುರೆಯ ತೊಡೆಯ ಹಿಂಭಾಗದ ಸ್ನಾಯು ಹರಿದು ಗಟ್ಟಿಯಾದ ನಾರಾಗಿ ಕೂಡಿಕೊಂಡಾಗ ಉಂಟಾಗುವ ವಿಶಿಷ್ಟ ಕುಂಟುತನವನ್ನು ವರ್ಣಿಸಿದನು. ಇಂಥ ಕುದುರೆ ಕಾಲನ್ನು ಪೂರ್ತಿ ಮುಂದಕ್ಕೆ ಚಾಚಲಾರದೆ ಗೊರಸನ್ನು ನೆಲಕ್ಕೆ ಬಡಿದಂತೆ ಇಡುತ್ತದೆ. ನೋವು ಹೋದರೂ ನಡಿಗೆ ಮರಳುವುದಿಲ್ಲ.

ಫಿನ್ಲೆಂಡಿನ ಮಾರ್ಕು ಯಾರ್ವಿನೆನ್ ೧೯೭೦ರ ದಶಕದಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳು ವಿಶ್ರಾಂತಿಯ ಪ್ರಶ್ನೆಗೆ ನೇರ ಉತ್ತರ ಕೊಟ್ಟವು. ಪೆಟ್ಟು ಬಿದ್ದೊಡನೆ ದುಡಿಸಿದರೆ ಗಾಯದ ಕಲೆ ಹಿಗ್ಗಿ ಮತ್ತೆ ಹರಿಯುತ್ತದೆ. ಬಹುಕಾಲ ಅಲುಗಾಡದಂತೆ ಇಟ್ಟರೆ ಸ್ನಾಯು ಸೊರಗಿ, ಹೊಸ ಎಳೆಗಳು ಅಡ್ಡಾದಿಡ್ಡಿಯಾಗಿ ಬೆಳೆಯುತ್ತವೆ. ಮೊದಲು ಕೆಲವು ದಿನಗಳ ವಿಶ್ರಾಂತಿ, ಬಳಿಕ ಕ್ರಮಕ್ರಮವಾದ ಚಲನೆ ಇದೇ ಸರಿಯಾದ ದಾರಿ. ಇಂದಿನ ಅಶ್ವವೈದ್ಯರ ಕ್ರಮವೂ ಇದನ್ನೇ ಅನುಸರಿಸುತ್ತದೆ. ಮೊದಲ ಎರಡು ಮೂರು ದಿನ ಲಾಯದಲ್ಲಿ ವಿಶ್ರಾಂತಿ ಮತ್ತು ತಣ್ಣೀರಿನ ಉಪಚಾರ; ಮುಂದೆ ಸಮತಟ್ಟಾದ ಗಟ್ಟಿ ನೆಲದ ಮೇಲೆ ಹಗ್ಗ ಹಿಡಿದು ಕೆಲವೇ ನಿಮಿಷಗಳ ನಡಿಗೆ; ವಾರದಿಂದ ವಾರಕ್ಕೆ ಅದರ ಹೆಚ್ಚಳ; ಬಳಿಕ ನೇರ ದಾರಿಯಲ್ಲಿ ದುಡುಕಿಯೋಟ; ಕೊನೆಗೆ ಜೀನು ಮತ್ತು ಸವಾರ. ಬಿಗಿಯಾದ ಸುತ್ತು, ಏರು, ಆಳವಾದ ಮರಳು ಇವು ಕೊನೆಯವರೆಗೆ ವರ್ಜ್ಯ. ಅಲ್ಟ್ರಾಸೌಂಡ್ ಪರೀಕ್ಷೆ ಸ್ನಾಯುವಿನ ಒಳಗಿನ ಸ್ಥಿತಿಯನ್ನು ತೋರಿಸುತ್ತದೆ. ರಕ್ತದಲ್ಲಿನ ಕ್ರಿಯಾಟಿನ್ ಕೈನೇಸ್ ಕಿಣ್ವದ ಪ್ರಮಾಣ ಪೆಟ್ಟಿನ ಕೆಲವು ಗಂಟೆಗಳಲ್ಲೇ ಏರಿ, ಹೊಸ ಹಾನಿಯಾಗದಿದ್ದರೆ ಬೇಗನೆ ಇಳಿಯುತ್ತದೆ. ದೊಡ್ಡ ಕೇಂದ್ರಗಳಲ್ಲಿ ನೀರಿನೊಳಗೆ ನಡೆಸುವ ಯಂತ್ರಗಳಿದ್ದು, ನೀರು ದೇಹದ ಭಾರವನ್ನು ಹೊತ್ತುಕೊಳ್ಳುತ್ತದೆ. ಹಗ್ಗ ಹಿಡಿದು ಪಕ್ಕದಲ್ಲಿ ನಡೆಯುವ ಕಾಸದಾರನ ಸ್ಥಾನವನ್ನು ಮಾತ್ರ ಯಾವ ಯಂತ್ರವೂ ಪೂರ್ತಿಯಾಗಿ ತುಂಬಿಲ್ಲ.

ಆಹಾರದ ವಿಷಯದಲ್ಲಿಯೂ ಲಾಯದ ಅನುಭವ ವಿಜ್ಞಾನಕ್ಕಿಂತ ಮುಂದಿತ್ತು. ವಾರವೆಲ್ಲ ದುಡಿದ ಬಂಡಿಕುದುರೆಗೆ ಭಾನುವಾರ ಬಿಡುವು ಕೊಟ್ಟು ಕಾಳಿನ ಮೇವನ್ನು ಮಾತ್ರ ಎಂದಿನಂತೆಯೇ ಹಾಕಿದರೆ, ಸೋಮವಾರ ಬೆಳಿಗ್ಗೆ ದುಡಿಮೆಗೆ ಹಚ್ಚಿದೊಡನೆ ಹಿಂಗಾಲಿನ ಸ್ನಾಯುಗಳು ಕಲ್ಲಿನಂತಾಗಿ ಕುದುರೆ ಕುಸಿಯುತ್ತಿತ್ತು. ಯೂರೋಪಿನವರು ಇದನ್ನು 'ಸೋಮವಾರ ಬೆಳಗಿನ ರೋಗ' ಎಂದೇ ಕರೆದರು. ನಿಂತ ಕುದುರೆಗೆ ಕಾಳು ಕಡಿಮೆ ಮಾಡಿ ಹುಲ್ಲು ಹೆಚ್ಚಿಸಬೇಕೆಂಬುದು ಅದರ ಪಾಠ. ಬೇಯಿಸಿದ ಹುರುಳಿಯೇ ಕುದುರೆಯ ಮುಖ್ಯ ಆಹಾರವಾಗಿದ್ದ ಮೈಸೂರು ಸೀಮೆಗೂ ಈ ಪಾಠ ಸಲ್ಲುತ್ತದೆ.

ಅನುಭವವೆಲ್ಲ ಸರಿಯಾಗಿತ್ತೆಂದು ಹೇಳಲಾಗದು. ಭಾರತದಲ್ಲಿಯೂ ಯೂರೋಪಿನಲ್ಲಿಯೂ ಶತಮಾನಗಳ ಕಾಲ ಕುಂಟುಕುದುರೆಗೆ ಕಾದ ಕಬ್ಬಿಣದ ಬರೆ ಹಾಕಲಾಯಿತು. ೧೯೮೩ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಐಯನ್ ಸಿಲ್ವರ್ ಮತ್ತು ಸಂಗಡಿಗರು ಸ್ನಾಯುರಜ್ಜುವಿನ ಗಾಯಗಳ ಬಗೆಗೆ ಪ್ರಕಟಿಸಿದ ಅಧ್ಯಯನ, ಬರೆಯಿಂದ ಯಾವ ಪ್ರಯೋಜನವೂ ಇಲ್ಲವೆಂದು ತೋರಿಸಿತು. ೧೯೯೧ರಲ್ಲಿ ಬ್ರಿಟನ್ನಿನ ಪಶುವೈದ್ಯರ ರಾಯಲ್ ಕಾಲೇಜು ಈ ಪದ್ಧತಿಯನ್ನು ವೃತ್ತಿನೀತಿಗೆ ವಿರುದ್ಧವೆಂದು ಸಾರಿತು. ಪ್ರಯೋಜನವಿಲ್ಲದ ಚಿಕಿತ್ಸೆ ಇಷ್ಟು ಕಾಲ ಉಳಿದುದೇಕೆ ಎಂಬ ಪ್ರಶ್ನೆಗೆ ಉತ್ತರ ಸರಳ. ಬರೆ ಹಾಕಿದ ಕುದುರೆಯನ್ನು ತಿಂಗಳುಗಟ್ಟಲೆ ಯಾರೂ ಕೆಲಸಕ್ಕೆ ಹಚ್ಚುವಂತಿರಲಿಲ್ಲ. ಗುಣಪಡಿಸಿದುದು ಆ ಬಿಡುವು. ಕೀರ್ತಿ ಸಂದುದು ಬೆಂಕಿಗೆ. ಮಾಲೀಕನಿಂದ ದಿನಗಳನ್ನು ಕಸಿದುಕೊಳ್ಳಲು ಬರೆಯ ಗುರುತು ಒಂದು ನೆಪವಾಗಿತ್ತೆಂದರೂ ಸಲ್ಲುತ್ತದೆ.

ದಿನಗಳ ಬೆಲೆ

ಬರೆ ಹೋದರೂ ದಿನಗಳಿಗಾಗಿ ನಡೆಯುವ ಜಗ್ಗಾಟ ನಿಂತಿಲ್ಲ. ೧೯೫೦ರ ದಶಕದಿಂದ ಬಳಕೆಗೆ ಬಂದ ಫಿನೈಲ್‌ಬ್ಯೂಟಜೋನ್‌ನಂಥ ನೋವುನಿವಾರಕಗಳು ಕುದುರೆಯ ಸಂಕಟವನ್ನು ತಗ್ಗಿಸಿದವು. ಆದರೆ ನೋವು ಮರೆಯಾದ ಮಾತ್ರಕ್ಕೆ ಎಳೆಗಳು ಕೂಡಿರುವುದಿಲ್ಲ. ಅರೆಗುಣವಾದ ಕುದುರೆಯನ್ನು ಓಡಿಸಲು ಅದೇ ಔಷಧ ದಾರಿ ಮಾಡಿಕೊಟ್ಟಿತು. ೧೯೬೮ರ ಕೆಂಟಕಿ ಡರ್ಬಿಯಲ್ಲಿ ಮೊದಲು ಗುರಿಮುಟ್ಟಿದ 'ಡಾನ್ಸರ್ಸ್ ಇಮೇಜ್' ಎಂಬ ಕುದುರೆ ಈ ಔಷಧದ ಅಂಶ ಪತ್ತೆಯಾದುದರಿಂದಲೇ ಅನರ್ಹವಾಯಿತು.

ಬೆಂಗಳೂರು ಮತ್ತು ಮೈಸೂರಿನ ರೇಸ್ ಕುದುರೆಗೆ ಪಶುವೈದ್ಯರಿದ್ದಾರೆ, ಪರೀಕ್ಷೆಯ ಸಾಧನಗಳಿವೆ. ಅದು ನಿಂತ ದಿನಗಳ ಖರ್ಚನ್ನು ಹೊರಬಲ್ಲ ಮಾಲೀಕನಿದ್ದಾನೆ. ಗೆಲುವಿನ ನಿರೀಕ್ಷೆ ಬತ್ತಿದರೆ ಆ ಖರ್ಚೂ ನಿಲ್ಲಬಹುದು. ಮೈಸೂರಿನ ಟಾಂಗಾ ಕುದುರೆಯದು ಸಿಲ್ಲೇದಾರನ ಕುದುರೆಯ ಸ್ಥಿತಿ. ಅದರ ಒಡೆಯನಿಗೆ ಮಮತೆಯ ಕೊರತೆಯಿಲ್ಲ. ಕುದುರೆ ಒಂದು ದಿನ ನಿಂತರೆ ಮನೆಯ ಒಲೆಯೂ ನಿಲ್ಲುತ್ತದೆ.

೧೯೬೦ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆ ಈ ಹಳೆಯ ಪ್ರಶ್ನೆಯನ್ನು ಮತ್ತೆ ಎತ್ತಿಕೊಂಡಿತು. ರೋಗ, ಗಾಯ ಅಥವಾ ನಿಶ್ಶಕ್ತಿಯಿಂದ ದುಡಿಯಲಾರದ ಪ್ರಾಣಿಯನ್ನು ದುಡಿಸುವುದು ಅದರ ೧೧ನೆಯ ಪ್ರಕರಣದ ಪ್ರಕಾರ ಅಪರಾಧ. ಮೊದಲ ತಪ್ಪಿಗೆ ಕಾಯಿದೆ ಗೊತ್ತುಪಡಿಸಿದ ಗರಿಷ್ಠ ದಂಡ ೫೦ ರೂಪಾಯಿ; ಪ್ರಾಣಿಯ ಬೆಲೆಯನ್ನೇ ದಂಡವಾಗಿ ವಿಧಿಸಿದ ಕೌಟಿಲ್ಯನ ನಿಯಮದ ಪಕ್ಕದಲ್ಲಿ ಅದು ತೀರ ಹಗುರವಾಗಿ ಕಾಣುತ್ತದೆ. ಅದೇ ಕಾಯಿದೆಯ ೩೫ನೆಯ ಪ್ರಕರಣ ಮಾತ್ರ ಹೆಚ್ಚಿನ ಗಮನಕ್ಕೆ ಅರ್ಹವಾದುದು. ಪ್ರಾಣಿಯು ತನ್ನ ಎಂದಿನ ಕೆಲಸಕ್ಕೆ ಸಮರ್ಥವಾಗುವವರೆಗೆ ಅದನ್ನು ಚಿಕಿತ್ಸಾಲಯದಲ್ಲಿರಿಸಿ ಆರೈಕೆ ಮಾಡಬೇಕೆಂದು ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ವೆಚ್ಚವನ್ನು ಒಡೆಯನು ಭರಿಸಬೇಕು. ಆದರೆ ಅವನು ಬಡವನೆಂಬ ಕಾರಣದಿಂದ ಮ್ಯಾಜಿಸ್ಟ್ರೇಟರು ಹಾಗೆಂದು ಆಜ್ಞಾಪಿಸಿದರೆ ಚಿಕಿತ್ಸೆಯ ಶುಲ್ಕ ಕೊಡಬೇಕಾಗಿಲ್ಲ.

ನೂನಿಜ್ ಕಂಡ ಲೆಕ್ಕದಲ್ಲಿ ಇಲ್ಲದ, ಸಿಲ್ಲೇದಾರನಿಗೆ ಎಟುಕದ ಸಂಗತಿಯೊಂದು ಈ ಉಪಬಂಧದಲ್ಲಿ ಕಾನೂನಿನ ಮಾತಾಗಿದೆ. ಗುಣವಾಗುವ ದಿನಗಳಿಗೆ ಬೆಲೆಯುಂಟು, ಒಡೆಯನು ತೆರಲಾಗದಿದ್ದರೆ ಸಮಾಜ ಅದನ್ನು ತೆರಬೇಕು ಎಂಬುದೇ ಆ ಮಾತು. ಆದರೆ ಒಡೆಯನಿಗಿರುವ ರಿಯಾಯಿತಿ ಚಿಕಿತ್ಸೆಯ ಶುಲ್ಕಕ್ಕೆ ಮಾತ್ರ ಸಂಬಂಧಿಸಿದುದು. ಕುದುರೆ ನಿಂತಷ್ಟು ದಿನ ಅವನ ಮನೆಗೆ ತಪ್ಪಿಹೋಗುವ ಸಂಪಾದನೆಯ ಬಗೆಗೆ ಕಾಯಿದೆ ಏನನ್ನೂ ಹೇಳುವುದಿಲ್ಲ. ಪೆಟ್ಟುಬಿದ್ದ ಕುದುರೆಗೆ ಅಂದು ರಾವುತರ ಚಂದಾ ನಿಧಿ ಅರೆಬರೆಯಾಗಿ ಒದಗಿಸಲು ಯತ್ನಿಸಿದ ಆಸರೆ ಇಂದು ಟಾಂಗಾ ಓಡಿಸುವವನಿಗೆ ದೊರೆಯುವವರೆಗೆ, ಹರಿದ ಸ್ನಾಯುವಿಗೆ ಬೇಕಾದ ಆ ಕೆಲವು ವಾರಗಳು ಶಾಸ್ತ್ರದಲ್ಲಿಯೂ ಕಾಯಿದೆಯಲ್ಲಿಯೂ ಇದ್ದು, ಲಾಯದಲ್ಲಿ ಮಾತ್ರ ಇಲ್ಲದೆ ಹೋಗುತ್ತವೆ.